ಬಸ್ಸು ಕಾಯಬೇಕು

ನಮಸ್ಕಾರ ಕೇಳುಗರೇ. ಬೆಟ್ಟದ ಕಣಿವೆಯ ಬಸ್ಸಿನ ಮಾತು ತೆಗೆದರೆ ಎಲ್ಲರೂ ರಸ್ತೆ ಎಷ್ಟು ಅಗಲ ಅಂತ ಕೇಳುತ್ತಾರೆ. ನನಗೆ ಅದು ಕೇಳಿ ಕೇಳಿ ಸಾಕಾಗಿದೆ. ಇಳಿದವರಿಗೆ ಮುಂದಿನ ಬಸ್ಸು ಸಿಗುತ್ತದಾ? ಅದನ್ನು ಕೇಳಿ ಸ್ವಾಮಿ.

ಸ್ವಿಟ್ಜರ್ಲೆಂಡಿನಲ್ಲಿ ಹಳದಿ ಅಂಚೆ ಬಸ್ಸುಗಳಿವೆ. ಹಿಂದೆ ಕುದುರೆ ಗಾಡಿಯಲ್ಲಿ ಅಂಚೆ ಚೀಲದ ಜೊತೆ ಜನರೂ ಹೋಗುತ್ತಿದ್ದರು. 1906ರಲ್ಲಿ ಬರ್ನ್ ನಗರದಿಂದ ಡೆಟ್ಲಿಗೆನ್ ಹಳ್ಳಿಗೆ ಅಂಚೆಯ ಮೊದಲ ಮೋಟಾರು ಬಸ್ಸು ಹೊರಟಿತು. 1982ರಲ್ಲಿ ದೇಶದ ರೈಲುಗಳನ್ನೆಲ್ಲ ಗಂಟೆ ಗಂಟೆಗೂ ಅದೇ ನಿಮಿಷಕ್ಕೆ ಬರುವ ಹಾಗೆ ಮಾಡಿದರು. 9:20ಕ್ಕೆ ಇದ್ದರೆ 10:20ಕ್ಕೂ ಇದೆ. ಬಸ್ಸಿನ ಟೈಮು ಅದಕ್ಕೆ ಹೊಂದಿಕೊಂಡಿತು.

ಒಮ್ಮೆ ನಾನು ಸೇಂಟ್ ಮೊರಿಟ್ಸ್‌ನಿಂದ ಮಲೋಯಾ ಘಾಟಿ ಇಳಿದು ಬ್ರೆಗಾಲ್ಯಾ ಕಣಿವೆಗೆ ಹೋಗುತ್ತಿದ್ದೆ. ಡ್ರೈವರ್ ಹಿಂದಿನ ಸೀಟು, ಇನ್ನೇನು ಬೇಕು! ಮಲೋಯಾ ದಾಟಿದ್ದೇ ತಡ ರಸ್ತೆ ದಿಢೀರನೆ ಕೆಳಗಿಳಿಯುತ್ತದೆ, ತಿರುವಿನ ಮೇಲೆ ತಿರುವು, ಎದುರು ಕಾಣದ ಕಡೆಯೆಲ್ಲ ಅಂಚೆ ಬಸ್ಸಿನ ಮೂರು ಸ್ವರದ ಹಾರನ್. ದಾರಿಯಲ್ಲಿ ರಸ್ತೆ ರಿಪೇರಿ, ಏಳು ನಿಮಿಷ ತಡ. ನಾನು ಪ್ರೊಮೊಂಟೊನ್ಯೊದಲ್ಲಿ ಇಳಿದು ಮೇಲಿನ ಸೋಲ್ಯೊ ಹಳ್ಳಿಯ ಬಸ್ಸು ಹತ್ತಬೇಕಿತ್ತು. ಅದು ಹೋಗಿರುತ್ತದೆ ಅಂತ ಗೊಣಗುತ್ತಾ ಬ್ಯಾಗ್ ಇಳಿಸಿದೆ. ನೋಡಿದರೆ ಸಣ್ಣ ಬಸ್ಸು ಅಲ್ಲೇ ನಿಂತಿದೆ! ಬಾಗಿಲು ತೆರೆದಿದೆ, ಒಳಗೆ ಒಬ್ಬರು ಅಜ್ಜಿ, ಶಾಲೆ ಚೀಲ ತೊಡೆ ಮೇಲಿಟ್ಟುಕೊಂಡ ಹುಡುಗ. ಯಾರೂ ಗಡಿಯಾರ ನೋಡುತ್ತಿಲ್ಲ. ನಾನು ಕೂತೆ, ಬಾಗಿಲು ಮುಚ್ಚಿತು. ಕಾದಿತ್ತು, ಅಷ್ಟೇ.

ಮೇಲೆ ಹೋಗುವ ದಾರಿ ಎಷ್ಟು ಕಿರಿದು ಅಂದರೆ ಬಸ್ಸಿನ ಕನ್ನಡಿಗೂ ಕಲ್ಲುಗೋಡೆಗೂ ನಡುವೆ ಗೇಣು ಜಾಗ. ಎದುರಿಗೆ ಕಾರು ಬಂತು. ನಮ್ಮ ಡ್ರೈವರ್ ಸುಮ್ನೆ ಕೈ ಆಡಿಸಿದರು, ಕಾರು ಹಿಂದೆ ಹಿಂದೆ ಹೋಯಿತು. ಆ ದೇಶದ ಬೆಟ್ಟದ ಅಂಚೆ ರಸ್ತೆಗಳಲ್ಲಿ ನೀಲಿ ಫಲಕದ ಮೇಲೆ ಊದುವ ಹಳದಿ ಕೊಂಬಿನ ಚಿತ್ರವಿರುತ್ತದೆ. ಆ ಫಲಕ ಕಂಡರೆ ಅಂಚೆ ಬಸ್ಸಿನ ಡ್ರೈವರ್ ಹೇಳಿದಂತೆ ಉಳಿದವರು ನಡೆಯಬೇಕು, ಅದು ಕಾನೂನು. ರಸ್ತೆ ಅಗಲ ಮಾಡದೆಯೂ ಬಸ್ಸು ಓಡುತ್ತದೆ, ಕಂಡಿರಾ?

ಈಗ ಗಾಜಿನಾಚೆಯಿಂದ ಕೈ ತೋರಿಸುತ್ತಿದ್ದಾರೆ, ಟೈಮ್ ಆಯಿತಂತೆ. ಫೋನ್ ಮಾಡಿದರೆ ಬರುವ ಸಣ್ಣ ವ್ಯಾನಿನ ಕಥೆ, ಹಿಮ ಬಿದ್ದ ದಿನ ಚಕ್ರಕ್ಕೆ ಕಟ್ಟುವ ಚೈನು, ಅದೆಲ್ಲ ಹಾಗೇ ಉಳಿಯಿತು. ಒಂದೇ ಮಾತು, ಮತ್ತೆ ಹೇಳುತ್ತೇನೆ: ಇಳಿದವರಿಗೆ ಬಸ್ಸು ಸಿಗಬೇಕು. ಗಂಟೆಗೊಂದೇ ಬಸ್ಸಿರುವ ಕಡೆ ಏಳು ನಿಮಿಷ ಕಾದರೆ ಯಾರಿಗೂ ಏನೂ ಜಾಸ್ತಿ ನಷ್ಟವಿಲ್ಲ, ಕಾಯದಿದ್ದರೆ ಆ ಅಜ್ಜಿಯಂಥವರು ಸ್ಟಾಪಿನಲ್ಲಿ ಚಳಿಗೆ ಒಂದು ಗಂಟೆ ನಿಲ್ಲಬೇಕು, ಅಲ್ವಾ? ಸರಿ, ಬರುತ್ತೇನೆ.