ಬೆಣ್ಣೆ ದೋಸೆ, ಮೆಲ್ಬರ್ನ್ ಸಂಬಳ, ಮತ್ತೆ 54ರ ಮಗ್ಗಿ

ಹಾಂ, ಕ್ಯಾಮೆರಾ ಆನ್ ಐತೆ. ಬೆಳಗ್ಗೆ 8 ಗಂಟೆ, ದಾವಣಗೆರೆ, ಸೌದೆ ಒಲೆ. ಕಾವಲಿ ಮೇಲೆ ಬೆಣ್ಣೆ ಬೀಳೋ ಶಬ್ದ ಕೇಳ್ರಿ, ನಾನು ಒಂದ್ನಿಮಿಷ ಬಾಯಿ ಮುಚ್ಕೊಂಡಿರ್ತೀನಿ.

ಆಯ್ತು. ಆಸ್ಟ್ರೇಲಿಯಾದ ಮೆಲ್ಬರ್ನಲ್ಲಿ ಇದನ್ನೇ 'ದಾವಣಗೆರೆ ಸ್ಟೈಲ್' ಅಂತ 18 ಡಾಲರಿಗೆ ಕೊಟ್ರು, ಪಲ್ಯಕ್ಕೆ ಅರಿಶಿನ ಹಾಕಿದ್ರು. ಅರಿಶಿನ! ಬೆಣ್ಣೆ ದೋಸೆ ಪಲ್ಯಕ್ಕೆ! ಅದೊಂದಕ್ಕೇ ಕೇಸ್ ಹಾಕ್ಬೋದಿತ್ತು.

ಎದುರಿಗೆ ಕಾಣ್ತಿರೋ ಕೈ ನಮ್ಮ ಮಾವನ ಮಗಂದು. ಮುಖ ತೋರಿಸ್ಬೇಡಕ್ಕ ಅಂದ, ಹಂಗಾಗಿ ಬರೀ ಕೈ. ಫೆಬ್ರವರಿಗೆ ಮೆಲ್ಬರ್ನಿಗೆ ಹೊರಟಾನೆ. "ಅಕ್ಕ, ಕೆಲಸ ಇಲ್ಲಿಂದಾನೇ ರೆಡಿ ಆಯ್ತು, ಪರಿಚಯದೋರು, ಗಂಟೆಗೆ 15 ಡಾಲರ್ ಕ್ಯಾಶ್, 800 ರೂಪಾಯಿ ಮೇಲೇನೇ ಆಗ್ತೈತೆ" ಅಂದ. ನನಗೆ ದೋಸೆ ಗಂಟಲಲ್ಲೇ ನಿಂತ್ಕಂತು.

ಯಾಕಂದ್ರೆ 2024 ಫೆಬ್ರವರಿಲಿ ನಾನೂ ಅಲ್ಲಿ ಓದಕ್ಕೆ ಹೋಗಿ ಹಿಂಗೇ ಮಗ್ಗಿ ಹೇಳ್ಕೊಂಡು ಕೂತಿದ್ದೆ. ಆಗ ಡಾಲರಿಗೆ 54 ರೂಪಾಯಿ. ನಮ್ಮೋರದೇ ಒಂದು ಹೋಟ್ಲು, ಹೆಸರು ಬೇಡ. "ನೀನು ನಮ್ಮನೆ ಹುಡ್ಗಿ ಇದ್ದಂಗೆ ತಂಗಿ" ಅಂತ ಚಾ ಕೊಟ್ರು. ಚಾ ಚೆನ್ನಾಗಿತ್ತು, ಅದು ಸುಳ್ಳು ಹೇಳಲ್ಲ. ಆಮೇಲೆ ನಾಲ್ಕು ದಿನ ಟ್ರಯಲ್, ದಿನಕ್ಕೆ 6 ಗಂಟೆ, ಪುಕ್ಕಟೆ. ಕೆಲಸ ಏನು? ಕಡಾಯಿ ತಿಕ್ಕೋದು. ನನಗೆ ಕಡಾಯಿ ತಿಕ್ಕಕ್ಕೆ ಬರ್ತೈತೋ ಇಲ್ವೋ ನೋಡಕ್ಕೆ 24 ಗಂಟೆ ಬೇಕಾ ಅಣ್ಣಾ? ಅಲ್ಲಿ ಕಾನೂನು ಏನಂದ್ರೆ, ಕೆಲಸ ಬರ್ತೈತೆ ಅಂತ ತೋರಿಸಕ್ಕೆ ಎಷ್ಟೊತ್ತು ಬೇಕೋ ಅಷ್ಟೇ ಟ್ರಯಲ್, ಅದರ ಮೇಲೆ ಒಂದು ನಿಮಿಷ ದುಡಿಸಿದ್ರೂ ಸಂಬಳ ಕೊಡ್ಬೇಕು. ಇದೆಲ್ಲ ನನಗೆ ಆವಾಗ ಎಲ್ಲಿ ಗೊತ್ತು.

ಆಮೇಲೆ ಗಂಟೆಗೆ 14 ಡಾಲರ್, ಕವರಲ್ಲಿ ನೋಟು. ರಾತ್ರಿ ಹಾಸಿಗೇಲಿ ಮಲ್ಕೊಂಡು 14 ಇಂಟು 54, 756 ರೂಪಾಯಿ ಗಂಟೆಗೆ! ಅಮ್ಮಂಗೆ ಫೋನ್ ಮಾಡಿ ಹೇಳಿದೆ, ಅಮ್ಮ ಓಣಿಗೆಲ್ಲ ಹೇಳಿದ್ಲು. ಆದ್ರೆ ಬಾಡಿಗೆ ಡಾಲರಲ್ಲಿ, ಟ್ರೈನ್ ಡಾಲರಲ್ಲಿ, ಈರುಳ್ಳಿ ಡಾಲರಲ್ಲಿ. ಬರೋ ದುಡ್ಡು ಮಾತ್ರ ನಾನು ರೂಪಾಯಿಲಿ ಎಣಿಸ್ತಿದ್ದೆ. ಆ ಮಾಲೀಕರಿಗೂ 54ರ ಮಗ್ಗಿ ಚೆನ್ನಾಗೇ ಬರ್ತಿತ್ತು, ಅದಕ್ಕೇ ನಮ್ಮಂಥೋರನ್ನೇ ಹುಡುಕಿ ತಗೊಳ್ಳೋದು. ಅಲ್ಲಿ ಆವಾಗ ಕನಿಷ್ಠ ಕೂಲಿ 23 ಡಾಲರ್ 23 ಸೆಂಟ್, ಕ್ಯಾಶುಯಲ್, ಅಂದ್ರೆ ಕಾಯಂ ಅಲ್ಲದ ಕೆಲಸ ಆದ್ರೆ ಮೇಲೆ 25 ಪರ್ಸೆಂಟ್, ಅಂದ್ರೆ ಹತ್ರ ಹತ್ರ 29. ನನಗೆ ಸಿಗ್ತಿದ್ದಿದ್ದು ಅದರಲ್ಲಿ ಅರ್ಧ. 2025 ಜುಲೈ 1ಕ್ಕೆ ಅದು 24.95 ಆಯ್ತು, ಕ್ಯಾಶುಯಲ್‌ಗೆ 31ರ ಮೇಲೆ. ಇವನು 15ಕ್ಕೆ ಕುಣೀತಾನೆ.

ಕಟ್, ಇದು ಮನೆ. ಅಟ್ಟದ ಮೇಲಿಂದ ಇಳಿಸಿದ್ದು ಅಜ್ಜನ ಟ್ರಂಕು. ಧೂಳು, ಸೀನು, ಎಡಿಟಲ್ಲಿ ತೆಗಿತೀನಿ.

ಅಜ್ಜ ಕಾಟನ್ ಮಿಲ್ಲಲ್ಲಿದ್ರು, ನಮ್ಮೂರ ಕಾರ್ಮಿಕ ನಾಯಕರು ಕಾಮ್ರೇಡ್ ಪಂಪಾಪತಿ ಕಾಲದೋರು. ನೋಡ್ರಿ ಇದನ್ನ, ತಂತಿಗೆ ಪೋಣಿಸಿದ ಸಂಬಳದ ಚೀಟಿಗಳು, ತೂತಿನ ಸುತ್ತ ತುಕ್ಕು ಹಿಡಿದೈತೆ. ಹಾಜರಿ ಎಷ್ಟು, ಕಟ್ ಆಗಿದ್ದೆಷ್ಟು, ಎಲ್ಲ ಐತೆ. ಅರ್ಧ ಗಂಟೆ ಓಟಿ ತಪ್ಪಿದ್ರೂ ಯೂನಿಯನ್ ಆಫೀಸಿಗೆ ಹೋಗಿ ಕೂರ್ತಿದ್ರಂತೆ. ಅವರು ನಾಲ್ಕನೇ ಕ್ಲಾಸು. ನಾನು ಮಾಸ್ಟರ್ಸ್ ಮಾಡೋಳು, ಒಂದು ಪೇಸ್ಲಿಪ್ ಕೇಳಕ್ಕೆ 9 ವಾರ ತಗೊಂಡೆ. ಸಂಬಳ ಆಗಿ ಒಂದು ವರ್ಕಿಂಗ್ ಡೇ ಒಳಗೆ ಪೇಸ್ಲಿಪ್ ಕೊಡ್ಲೇಬೇಕು ಅಲ್ಲಿ. ಕೇಳಿದ್ರೆ "ನಮ್ಮ ನಮ್ಮಲ್ಲಿ ಪೇಸ್ಲಿಪ್ ಯಾಕಮ್ಮ, ಜಾಸ್ತಿ ಮಾತಾಡಿದ್ರೆ ವೀಸಾ ಕ್ಯಾನ್ಸಲ್ ಮಾಡಿಸ್ತೀನಿ" ಅಂದ್ರು. ತಂಗಿ ಅಂದ ಬಾಯಲ್ಲೇ.

ವೀಸಾ ಹೋಟ್ಲು ಮಾಲೀಕರ ಕೈಯಲ್ಲಿಲ್ಲ, ಹೋಮ್ ಅಫೇರ್ಸ್ ಇಲಾಖೆ ಕೈಯಲ್ಲಿ ಐತೆ. ಸ್ಟೂಡೆಂಟ್ ವೀಸಾದೋರು ಕ್ಲಾಸ್ ಇರೋವಾಗ ಎರಡು ವಾರಕ್ಕೆ 48 ಗಂಟೆ ದುಡೀಬೋದು, ನಾನು ವಾರಕ್ಕೆ 20 ಗಂಟೆ, ಲಿಮಿಟ್ ಒಳಗೇ ಇದ್ದೆ. ಎಷ್ಟೊತ್ತಿಗೆ ಹೋದೆ, ಎಷ್ಟೊತ್ತಿಗೆ ಬಂದೆ ಎಲ್ಲ ಫೋನಲ್ಲಿ ಬರ್ಕೊಂಡಿದ್ದೆ, ಅಜ್ಜನ ರಕ್ತ ಅಷ್ಟಾದ್ರೂ ಕೆಲಸ ಮಾಡ್ತು. ಫೇರ್ ವರ್ಕ್ ಆಂಬಡ್ಸ್‌ಮನ್‌ಗೆ, ಅಂದ್ರೆ ಸಂಬಳದ ದೂರು ನೋಡೋ ಅಲ್ಲಿನ ಸರ್ಕಾರಿ ಆಫೀಸಿಗೆ ಫೋನ್ ಮಾಡ್ದೆ, ದುಡ್ಡೇನಿಲ್ಲ ಅದಕ್ಕೆ. ಲೆಕ್ಕ ಬರೆದು ಮಾಲೀಕರಿಗೆ ಕಳಿಸ್ದೆ, 180 ಗಂಟೆ, ಗಂಟೆಗೆ 15 ಕಮ್ಮಿ, 2,700 ಡಾಲರ್. 1,800 ಕೊಟ್ರು, ಗೊಣಗ್ಕೊಂಡು. ಮಿಕ್ಕಿದ್ದು ಹೋಗ್ಲಿ ಅಂತ ಬಿಟ್ಟೆ. ಕೋರ್ಟಿಗೆ ಹೋಗಿ ಕೇಳಕ್ಕೆ 6 ವರ್ಷ ಟೈಮ್ ಇರ್ತೈತೆ ಅಂತ ಆಮೇಲೆ ಗೊತ್ತಾಯ್ತು, ಈಗ್ಲೂ ಕೈ ತುರಿಸ್ತೈತೆ.

ಕ್ಯಾಶ್ ಕೆಲಸ ಮಾಡೋರೆಲ್ಲ ಪೆದ್ದರು ಅಂತ ಹೇಳೋಣ ಅನ್ಕೊಂಡಿದ್ದೆ. ಇಲ್ಲ ಬಿಡ್ರಿ, ನಾಳೆ ಬಾಡಿಗೆ ಕಟ್ಬೇಕು ಅಂದಾಗ ಯಾರೂ ಪೆದ್ದರಲ್ಲ. ಮತ್ತೆ ಕ್ಯಾಶಲ್ಲಿ ಕೊಡೋದೇ ತಪ್ಪಲ್ಲ, ಪೇಸ್ಲಿಪ್ ಇಲ್ಲದೆ, ಟ್ಯಾಕ್ಸ್ ಕಟ್ಟದೆ, ಸೂಪರ್ ಹಾಕದೆ ಕೊಡ್ತಾರಲ್ಲ ಅದು ಕಳ್ಳತನ. ಸೂಪರ್ ಅಂದ್ರೆ ನಮ್ಮ ಪಿಎಫ್ ಇದ್ದಂಗೆ, ಈಗ 12 ಪರ್ಸೆಂಟ್, ಸಂಬಳದ ಮೇಲೆ ಮಾಲೀಕರೇ ಹಾಕ್ಬೇಕು. ದೇಶ ಬಿಟ್ಟು ಬಂದ್ಮೇಲೆ ವಾಪಸ್ ತಗೋಬೋದು, ಅದರಲ್ಲಿ 35 ಪರ್ಸೆಂಟ್ ಟ್ಯಾಕ್ಸ್ ಮುರ್ಕೊಂತಾರೆ, ಅದು ನನಗೆ ಅನ್ಯಾಯ ಅನ್ನಿಸ್ತೈತೆ.

ಇದು ಸಂಜೆ, ಮಿರ್ಚಿ ಮಂಡಕ್ಕಿ, ಲೈಟ್ ಸರಿಯಿಲ್ಲ. ಟ್ಯಾಕ್ಸ್ ಬೇಗ ಹೇಳಿ ಮುಗಿಸ್ತೀನಿ. ಇಳಿದ ತಕ್ಷಣ ಟಿಎಫ್‌ಎನ್‌ಗೆ, ಅಂದ್ರೆ ಟ್ಯಾಕ್ಸ್ ನಂಬರಿಗೆ ಅರ್ಜಿ ಹಾಕು, ಅಲ್ಲಿನ ಟ್ಯಾಕ್ಸ್ ಆಫೀಸು ಎಟಿಓ ಸೈಟಲ್ಲಿ ಫ್ರೀ, ಯಾವ ಏಜೆಂಟಿಗೂ ದುಡ್ಡು ಕೊಡ್ಬೇಡ. ನಾನು ಎರಡನೇ ಕೆಲಸದಲ್ಲಿ, ಗೋಡೌನಲ್ಲಿ, ನಂಬರ್ ಕೊಡೋದು ಮರೆತು 47 ಪರ್ಸೆಂಟ್ ಕಟ್ ಆಯ್ತು, ರಿಟರ್ನ್ ಹಾಕಿ ಬಿಡಿಸ್ಕೊಂಡೆ. ಅಲ್ಲಿ ವರ್ಷ ಜೂನ್ 30ಕ್ಕೆ ಮುಗಿಯೋದು, ನೀನೇ ಹಾಕೋದಾದ್ರೆ ಅಕ್ಟೋಬರ್ 31 ಕೊನೆ. ಪಾತ್ರೆ ತಿಕ್ಕೋ ಹುಡುಗಂಗೆ ಎಬಿಎನ್, ಅಂದ್ರೆ ಬಿಸಿನೆಸ್ ನಂಬರ್ ಮಾಡಿಸ್ಕೋ ಅಂತ ಯಾರಾದ್ರೂ ಅಂದ್ರೆ ಅಲ್ಲಿಂದ ಎದ್ದು ಬಾ, ಅದು ಸ್ವಂತ ಬಿಸಿನೆಸ್ ಮಾಡೋರಿಗೆ.

"ಅಕ್ಕ, ಒಂದ್ನಿಮಿಷ" ಅಂದ. ಆ 15 ಡಾಲರ್‌ನೋರಿಗೆ ಮೆಸೇಜ್ ಹಾಕ್ತಿದಾನೆ, ಜೂಮ್ ಮಾಡ್ತೀನಿ ತಡೀರಿ. 'ಅಂಕಲ್ ಪೇಸ್ಲಿಪ್ ಕೊಡ್ತೀರಲ್ಲಾ?' ನೀಲಿ ಟಿಕ್ ಬಂತು. ಟೈಪಿಂಗ್... ಇಲ್ಲ, ನಿಲ್ಸಿದ್ರು. ಮತ್ತೆ ಟೈಪಿಂಗ್... ಇಲ್ಲ.

ಅಯ್ಯೋ, ಲೆನ್ಸ್ ಮೇಲೆ ಮಿರ್ಚಿ ಎಣ್ಣೆ ಬಿತ್ತು. ಆಫ್ ಮಾಡೋ, ಆಫ್ ಮಾಡೋ.