ತೂಕ ಕಡಿಮೆ ಬಂದರೆ ಯಾರನ್ನು ಕೇಳಬೇಕು?

ಕೇಳುಗರಿಗೆ ನಮಸ್ಕಾರ.

ತೀರ್ಥಹಳ್ಳಿ ಸೀಮೆಯ ಒಂದು ನ್ಯಾಯಬೆಲೆ ಅಂಗಡಿಯ ಜಗಲಿಯಿಂದ ಇವತ್ತಿನ ಮಾತು ಶುರು ಮಾಡುತ್ತೇನೆ. ಕಾರ್ತಿಕ ಮಾಸ. ಊರ ತುಂಬ ಅಡಿಕೆ ಬೇಯುವ ವಾಸನೆ. ಸಾಲಿನಲ್ಲಿ ನನ್ನ ಮುಂದಿದ್ದ ಹೆಂಗಸು ಯಂತ್ರದ ಮೇಲೆ ಹೆಬ್ಬೆರಳು ಇಟ್ಟರು, ಯಂತ್ರ ಒಪ್ಪಲಿಲ್ಲ. ಸೆರಗಿಗೆ ಒರೆಸಿಕೊಂಡು ಮತ್ತೆ ಇಟ್ಟರು, ಊಹುಂ. ಹದಿನೈದು ದಿನದಿಂದ ರಾತ್ರಿ ಹತ್ತರವರೆಗೂ ಮೆಟ್ಟುಗತ್ತಿಯ ಮುಂದೆ ಕೂತು ಹಸಿ ಅಡಿಕೆ ಸುಲಿದ ಕೈ ಅದು. ಚೊಗರು ಹತ್ತಿ ಕಪ್ಪಾಗಿ, ಸಿಪ್ಪೆ ಬಿಡಿಸಿ ಬಿಡಿಸಿ ಸವೆದ ಬೆರಳಲ್ಲಿ ಗೆರೆ ಉಳಿದಿರುವುದಾದರೂ ಎಷ್ಟು? "ಎಡಗೈ ಕೊಡಿ ಅಮ್ಮಾ" ಎಂದರು ಅಂಗಡಿಯವರು. ಎಡಗೈಯ ಉಂಗುರದ ಬೆರಳು ಕೊನೆಗೂ ಪಾಸಾಯಿತು.

ಚೀಲದ ಬಾಯಿ ಕಟ್ಟುತ್ತಾ ಆಕೆ ನನ್ನ ಕಡೆ ತಿರುಗಿ, "ಮೇಷ್ಟ್ರೇ, ಇದು ದಿಲ್ಲಿಯವರು ಕೊಡುವ ಅಕ್ಕಿಯೋ, ಬೆಂಗಳೂರಿನವರು ಕೊಡುವ ಅಕ್ಕಿಯೋ?" ಎಂದು ಕೇಳಿದರು. ಮೂವತ್ತು ವರ್ಷ ರಾಜ್ಯಶಾಸ್ತ್ರ ಪಾಠ ಮಾಡಿದವನಿಗೆ ಇದೂ ಒಂದು ಪ್ರಶ್ನೆಯೇ ಎಂದುಕೊಂಡು, "ಇಬ್ಬರದೂ" ಎಂದೆ. "ಹಾಗಾದರೆ ತೂಕ ಕಡಿಮೆ ಬಂದರೆ ಯಾರನ್ನು ಕೇಳಬೇಕು?"

ಈ ಎರಡನೆಯ ಪ್ರಶ್ನೆ ನನ್ನ ಸಿಲಬಸ್ಸಿನಲ್ಲಿ ಇರಲಿಲ್ಲ.

ಆ ಚೀಲವನ್ನೇ ಬಿಚ್ಚಿ ನೋಡೋಣ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಸಂಸತ್ತು ಮಾಡಿದ್ದು. ಆದ್ಯತಾ ಕುಟುಂಬದ ಒಬ್ಬೊಬ್ಬರಿಗೆ ತಿಂಗಳಿಗೆ 5 ಕೆ.ಜಿ., ಅಂತ್ಯೋದಯ ಚೀಟಿ ಇದ್ದರೆ ಮನೆಗೆ 35 ಕೆ.ಜಿ. ಧಾನ್ಯ ಎಂದು ಅದು ಹೇಳುತ್ತದೆ. 2023ರ ಜನವರಿಯಿಂದ ಇದಕ್ಕೆ ಬೆಲೆಯೂ ಇಲ್ಲ. ಧಾನ್ಯ ಖರೀದಿಸಿ ಆಹಾರ ನಿಗಮದ ಗೋದಾಮಿಗೆ ತಂದು ಹಾಕುವುದು ಕೇಂದ್ರದ ಕೆಲಸ. ಅಲ್ಲಿಂದ ಎತ್ತಿ ಊರಿಗೆ ಮುಟ್ಟಿಸುವುದು, ಯಾರು ಬಡವರು ಎಂದು ಗುರುತಿಸುವುದು, ಅಂಗಡಿಗೆ ಪರವಾನಗಿ ಕೊಡುವುದು, ತಕ್ಕಡಿ ಪರಿಶೀಲಿಸುವುದು ರಾಜ್ಯದ ಕೆಲಸ. ಒಟ್ಟು ಎಷ್ಟು ಜನರಿಗೆ ಎಂಬ ಮಿತಿಯನ್ನು ಮಾತ್ರ ಕೇಂದ್ರವೇ 2011ರ ಜನಗಣತಿ ಹಿಡಿದು ಗೊತ್ತುಮಾಡಿದೆ. ಆ ಗಣತಿಯಾದ ವರ್ಷ ತೊಟ್ಟಿಲಲ್ಲಿದ್ದ ಮಗು ಈಗ ಹೈಸ್ಕೂಲಿನಲ್ಲಿದೆ. ಮಿತಿ ಮೀರಿ ರಾಜ್ಯ ಚೀಟಿ ಕೊಟ್ಟರೆ ಆ ಅಕ್ಕಿಯ ಖರ್ಚು ರಾಜ್ಯದ ಬೊಕ್ಕಸದ್ದು.

ಚೀಲದೊಳಗೆ ಇನ್ನೊಂದು ತಮಾಷೆಯೂ ಇದೆ. ಈಚಿನ ವರ್ಷಗಳಲ್ಲಿ ಬಂದದ್ದು ಕಬ್ಬಿಣಾಂಶ ಸೇರಿಸಿದ ಸಾರವರ್ಧಿತ ಅಕ್ಕಿ. ಅಕ್ಕಿ ತೊಳೆಯುವಾಗ ಆ ಬೇರೆ ಬಣ್ಣದ ಕಾಳುಗಳು ಕಣ್ಣಿಗೆ ಬಿದ್ದು, "ಪ್ಲಾಸ್ಟಿಕ್ ಅಕ್ಕಿ ಕೊಟ್ಟಿದ್ದಾರೆ" ಎಂದು ನಮ್ಮ ಕೇರಿಯಲ್ಲಿ ಒಂದಷ್ಟು ದಿನ ಗುಲ್ಲೆದ್ದಿತ್ತು. ಆರಿಸಿ ಕೋಳಿಗೆ ಹಾಕಿದವರೂ ಇದ್ದರು. ತೀರ್ಮಾನ ದಿಲ್ಲಿಯದು, ಬೈಗುಳ ತಿಂದವರು ಅಂಗಡಿಯವರು.

2023ರಲ್ಲಿ ನಮ್ಮ ರಾಜ್ಯ ತನ್ನ ಪಾಲಿನಿಂದ ತಲೆಗೆ ಇನ್ನೂ 5 ಕೆ.ಜಿ. ಕೊಡಲು ಹೊರಟಿತು. ಹಣ ಇತ್ತು, ಅಕ್ಕಿ ಇರಲಿಲ್ಲ. ಅದೇ ಜೂನ್ ತಿಂಗಳಲ್ಲಿ ಕೇಂದ್ರವು ತನ್ನ ದಾಸ್ತಾನಿನ ಧಾನ್ಯ ಮಾರುವ ಮುಕ್ತ ಮಾರುಕಟ್ಟೆ ಯೋಜನೆಯಲ್ಲಿ ರಾಜ್ಯಗಳಿಗೆ ಅಕ್ಕಿ ಮಾರುವುದನ್ನು ನಿಲ್ಲಿಸಿತ್ತು. ಬೇರೆ ದಾರಿ ಕಾಣದೆ ರಾಜ್ಯ ಕೆ.ಜಿ.ಗೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿಯನ್ನು ಖಾತೆಗೆ ಹಾಕತೊಡಗಿತು. ಕೇಂದ್ರ ಕ್ವಿಂಟಲಿಗೆ 2,250 ರೂಪಾಯಿ ದರದಲ್ಲಿ ಮಾರಲು ಒಪ್ಪಿದ ಮೇಲೆ, 2025ರ ಫೆಬ್ರವರಿಯಲ್ಲಿ ಹಣದ ಬದಲು ಅಕ್ಕಿ ಬಂತು. ತಪ್ಪು ಯಾರದು ಎಂಬ ಜಗಳ ನನಗೆ ಬೇಡ. ಕೊಡುತ್ತೇನೆ ಎನ್ನುವ ಅಧಿಕಾರ ಒಬ್ಬರ ಕೈಯಲ್ಲಿ, ಕಣಜದ ಬೀಗದ ಕೈ ಇನ್ನೊಬ್ಬರ ಸೊಂಟದಲ್ಲಿ ಇರುವಾಗ ಹೀಗಾಗುತ್ತದೆ, ಅಷ್ಟೇ.

ಇದನ್ನು ಇನ್ನೂ ಸ್ಪಷ್ಟವಾಗಿ ಕಾಣಬೇಕಾದರೆ ಕಾಫಿ ತೋಟದ ಲೈನ್ ಮನೆಗಳಿಗೆ ಹೋಗಬೇಕು. ಅಸ್ಸಾಮಿನಿಂದ ಬಂದ ಕೂಲಿಯವರು ಈಗ ಮಲೆನಾಡಿನ ತೋಟಗಳಲ್ಲಿ ಹೊಸಬರಲ್ಲ. ಒಂದು ದೇಶ ಒಂದು ಪಡಿತರ ಚೀಟಿ ಏರ್ಪಾಡಿನಿಂದ ಕೇಂದ್ರದ ಆ 5 ಕೆ.ಜಿ.ಯನ್ನು ಅವರು ಇಲ್ಲಿಯ ಅಂಗಡಿಯಲ್ಲೇ ಪಡೆಯಬಹುದು. ಕರ್ನಾಟಕ ತನ್ನವರಿಗೆ ಕೊಡುವ ಹೆಚ್ಚುವರಿ ಪಾಲು ಅವರಿಗಿಲ್ಲ. ಮುಂಬೈಯ ಹೋಟೆಲಿನಲ್ಲಿ ದುಡಿಯುವ ನಮ್ಮ ಹುಡುಗನಿಗೂ ಇದೇ ಲೆಕ್ಕ. ಒಂದೇ ತೋಟ, ಒಂದೇ ಕೂಲಿ, ಚೀಲ ಮಾತ್ರ ಬೇರೆ ಬೇರೆ ತೂಕದ್ದು.

ಸಂವಿಧಾನ ಬರೆದವರು ಈ ಗೆರೆಗಳನ್ನು ಏಳನೆಯ ಅನುಸೂಚಿಯಲ್ಲಿ ಎಳೆದರು. ಸಾರ್ವಜನಿಕ ಆರೋಗ್ಯ, ಆಸ್ಪತ್ರೆ, ಜಮೀನು, ದುಡಿಯಲಾಗದವರಿಗೆ ನೆರವು, ಇವು ರಾಜ್ಯ ಪಟ್ಟಿಗೆ. ಸಾಮಾಜಿಕ ಭದ್ರತೆ, ಉದ್ಯೋಗ, ಕಾರ್ಮಿಕ ಕಲ್ಯಾಣ ಇಬ್ಬರಿಗೂ ಸೇರಿದ ಸಮವರ್ತಿ ಪಟ್ಟಿಗೆ. ಕೈಗೆ ಹಣ ತರುವ ದೊಡ್ಡ ತೆರಿಗೆಗಳು ಬಹುಮಟ್ಟಿಗೆ ಕೇಂದ್ರಕ್ಕೆ. ಮನೆ ನಡೆಸುವ ಜವಾಬ್ದಾರಿ ಸೊಸೆಗೆ, ಪೆಟ್ಟಿಗೆಯ ಬೀಗ ಅತ್ತೆಗೆ ಎಂದು ನಾನು ತರಗತಿಯಲ್ಲಿ ಹೇಳುತ್ತಿದ್ದೆ. ಹುಡುಗರು ನಗುತ್ತಿದ್ದರು, ಹುಡುಗಿಯರು ನಗುತ್ತಿರಲಿಲ್ಲ. ಈ ಅಂತರ ತುಂಬಲೆಂದೇ 280ನೆಯ ವಿಧಿಯಲ್ಲಿ ಹಣಕಾಸು ಆಯೋಗ ಇದೆ. ಹದಿನಾಲ್ಕನೆಯ ಆಯೋಗ ಕೇಂದ್ರದ ತೆರಿಗೆಯಲ್ಲಿ ರಾಜ್ಯಗಳ ಒಟ್ಟು ಪಾಲನ್ನು ಶೇ. 32ರಿಂದ 42ಕ್ಕೆ ಏರಿಸಿತು. ಹದಿನೈದನೆಯದು 41 ಎಂದಿತು. ಅದರೊಳಗೆ ಕರ್ನಾಟಕದ ಪಾಲು ಶೇ. 4.713ರಿಂದ 3.647ಕ್ಕೆ ಇಳಿಯಿತು. ತಲಾ ಆದಾಯ ಹೆಚ್ಚಿರುವ ರಾಜ್ಯಕ್ಕೆ ಕಡಿಮೆ ಎಂಬ ಸೂತ್ರ ತಾತ್ವಿಕವಾಗಿ ನ್ಯಾಯವೇ; ಬಿಹಾರದ ಬಡವನೂ ನಮ್ಮವನೇ. ಆದರೆ ಬೆಂಗಳೂರಿನ ಸಾಫ್ಟ್‌ವೇರ್ ಸಂಬಳ ಸರಾಸರಿಯ ದಾರಿ ಹಿಡಿದು ಹೊಸನಗರದ ಕೂಲಿಯವನ ಜಾತಕಕ್ಕೂ ಬಂದು ಸೇರುತ್ತದೆ. ಆ ಸಂಬಳ ಅವನ ಜೇಬಿಗೆ ಬರುವುದಿಲ್ಲ, ಲೆಕ್ಕಕ್ಕೆ ಮಾತ್ರ ಬರುತ್ತದೆ.

ವೃದ್ಧಾಪ್ಯ ವೇತನದಲ್ಲಿ ಇದನ್ನು ರೂಪಾಯಿ ಲೆಕ್ಕದಲ್ಲೇ ನೋಡಬಹುದು. 1995ರಲ್ಲಿ ಶುರುವಾದ ರಾಷ್ಟ್ರೀಯ ಸಾಮಾಜಿಕ ನೆರವು ಕಾರ್ಯಕ್ರಮದಲ್ಲಿ ಕೇಂದ್ರದ ಪಾಲು ತಿಂಗಳಿಗೆ 75 ರೂಪಾಯಿ. 2006ರಲ್ಲಿ ಅದು 200 ಆಯಿತು. ಎಂಬತ್ತು ದಾಟಿದವರಿಗೆ ಆಮೇಲೆ 500 ಆದರೂ, ಅದಕ್ಕಿಂತ ಕಿರಿಯರಿಗೆ ಇನ್ನೂರು ಇನ್ನೂರಾಗಿಯೇ ಉಳಿಯಿತು. ಉಳಿದದ್ದನ್ನು ರಾಜ್ಯಗಳು ತಮ್ಮ ತಮ್ಮ ಶಕ್ತಿಯಂತೆ, ಚುನಾವಣೆಯ ಬಿಸಿಯಂತೆ ಸೇರಿಸುತ್ತಾ ಹೋದವು. ನಮ್ಮಲ್ಲಿ ಸಂಧ್ಯಾ ಸುರಕ್ಷಾದಲ್ಲಿ 1,200 ಬಂದರೆ, ಆಂಧ್ರದಲ್ಲಿ 2024ರಿಂದ 4,000. ಮುಪ್ಪು ಎಲ್ಲ ಕಡೆ ಒಂದೇ. ಗಡಿಕಲ್ಲಿನ ಯಾವ ಬದಿಯಲ್ಲಿ ಬಂತು ಎಂಬುದರ ಮೇಲೆ ಅದರ ದರ.

ಇಷ್ಟು ಕೇಳಿ, ಹಾಗಾದರೆ ಎಲ್ಲವನ್ನೂ ಒಂದೇ ಕಡೆಯಿಂದ ಕೊಡಬಾರದೇ ಎಂದು ನೀವು ಕೇಳಬಹುದು. ನಾನೂ ಚಿಕ್ಕ ವಯಸ್ಸಿನಲ್ಲಿ ಹಾಗೆಯೇ ವಾದಿಸುತ್ತಿದ್ದೆ. ಈಗ ಒಪ್ಪುವುದಿಲ್ಲ. ಈ ದೇಶದ ಒಳ್ಳೆಯ ಕಲ್ಯಾಣ ಯೋಜನೆಗಳ ಹುಟ್ಟೂರು ಹುಡುಕುತ್ತಾ ಹೋದರೆ ಬಹಳ ಸಲ ಸಿಗುವುದು ಯಾವುದೋ ಒಂದು ರಾಜ್ಯ. ಶಾಲೆಯ ಬಿಸಿಯೂಟಕ್ಕೆ ಐವತ್ತರ ದಶಕದಲ್ಲೇ ತಮಿಳುನಾಡಿನಲ್ಲಿ ಕಾಮರಾಜರು ಒಲೆ ಹೂಡಿದರು, 1982ರಲ್ಲಿ ಎಂ.ಜಿ. ರಾಮಚಂದ್ರನ್ ಅದನ್ನು ದೊಡ್ಡದು ಮಾಡಿದರು. ಬೇಯಿಸಿದ ಊಟವನ್ನೇ ಕೊಡಿ ಎಂದು ಸುಪ್ರೀಂ ಕೋರ್ಟು ಎಲ್ಲ ರಾಜ್ಯಗಳಿಗೆ ಆದೇಶ ಮಾಡಿದ್ದು 2001ರ ನವೆಂಬರಿನಲ್ಲಿ. ಮರುವರ್ಷ ನಮ್ಮಲ್ಲಿ ಅಕ್ಷರ ದಾಸೋಹ ಬಂತು. ಇವತ್ತು ಸಾಗರದ ಶಾಲೆಯೊಂದರ ಮಗುವಿನ ತಟ್ಟೆಯಲ್ಲಿರುವ ಅಕ್ಕಿ ಕೇಂದ್ರದ್ದು, ಪಕ್ಕದ ಲೋಟದ ಹಾಲು 2013ರಿಂದ ರಾಜ್ಯದ್ದು. ಉದ್ಯೋಗ ಖಾತರಿಯೂ ಹಾಗೆಯೇ: 1972ರ ಬರದಲ್ಲಿ ಮಹಾರಾಷ್ಟ್ರ ಶುರು ಮಾಡಿ, 1977ರಲ್ಲಿ ಕಾಯ್ದೆ ಮಾಡಿತು. ಅದು ದೇಶದ ಕಾಯ್ದೆಯಾಗಲು 2005 ಬರಬೇಕಾಯಿತು. ಆಗ ಕೂಲಿಯ ಹಣ ಪೂರ್ತಿ ಕೇಂದ್ರದ್ದಾಗಿತ್ತು. 2025ರ ಡಿಸೆಂಬರಿನಲ್ಲಿ ಸಂಸತ್ತು ಒಪ್ಪಿದ ಹೊಸ ಕಾಯ್ದೆ ವರ್ಷಕ್ಕೆ ಖಾತರಿಯಾದ ಕೆಲಸದ ದಿನಗಳನ್ನು 125ಕ್ಕೆ ಏರಿಸಿ, ನಮ್ಮಂಥ ರಾಜ್ಯಗಳಿಗೆ ವೆಚ್ಚದ ಶೇ. 40ನ್ನು ಹೊರಿಸಿದೆ. ಇಂಗುಗುಂಡಿ ತೋಡುವವರಿಗೆ ಕಾಗದದ ಮೇಲೆ ದಿನ ಹೆಚ್ಚಿವೆ. ರಾಜ್ಯದ ಪಾಲು ಹೊತ್ತಿಗೆ ಸರಿಯಾಗಿ ಬಂದರೆ ಕೈಯಲ್ಲೂ ಹೆಚ್ಚಿಯಾವು.

ಹೊರದೇಶದ ಒಂದು ಕತೆ ನನಗೆ ಬಹಳ ಇಷ್ಟ. ಕೆನಡಾದ ಸಸ್ಕಾಚೆವಾನ್ ಎಂಬ ಗೋಧಿ ಬೆಳೆಯುವ ಪ್ರಾಂತ್ಯ 1947ರಲ್ಲಿ ತನ್ನ ಜನರಿಗೆಲ್ಲ ಆಸ್ಪತ್ರೆ ವಿಮೆ ಮಾಡಿತು. ಟಾಮಿ ಡಗ್ಲಾಸ್ ಎಂಬ ಮಾಜಿ ಪಾದ್ರಿ ಆಗ ಅಲ್ಲಿಯ ಪ್ರಧಾನ, ಎಂದರೆ ನಮ್ಮ ಮುಖ್ಯಮಂತ್ರಿ ಇದ್ದ ಹಾಗೆ. 1962ರಲ್ಲಿ ವೈದ್ಯರ ಶುಲ್ಕಕ್ಕೂ ಸರ್ಕಾರಿ ವಿಮೆ ಬಂದಾಗ ವೈದ್ಯರು ಮುಷ್ಕರ ಹೂಡಿದರು. 23 ದಿನ ಎಳೆದಾಡಿ ರಾಜಿಯಾಯಿತು. ನಾಲ್ಕೇ ವರ್ಷದಲ್ಲಿ, ಇಂಥ ವಿಮೆ ಮಾಡುವ ಪ್ರಾಂತ್ಯಗಳ ಖರ್ಚಿನಲ್ಲಿ ಅರ್ಧ ನಮ್ಮದು ಎಂದು ಕೇಂದ್ರ ಕಾನೂನು ಮಾಡಿತು. ಅಮೆರಿಕದಲ್ಲಿ ಇದರ ತದ್ವಿರುದ್ಧ. 1965ರಲ್ಲಿ ಬಡವರಿಗೆಂದು ಮೆಡಿಕೇಡ್ ತಂದು, ಸೇರುವುದನ್ನು ರಾಜ್ಯಗಳ ಇಷ್ಟಕ್ಕೆ ಬಿಟ್ಟರು. ಅರಿಜೋನ ಸೇರಿದ್ದು 1982ರಲ್ಲಿ. ಆ ಹದಿನೇಳು ವರ್ಷ ಅಲ್ಲಿಯ ಬಡ ರೋಗಿಗೆ ಪಕ್ಕದ ರಾಜ್ಯದ ಕಾನೂನು ಯಾವ ಗುಳಿಗೆಯನ್ನೂ ಕೊಡಲಿಲ್ಲ. ಅದಕ್ಕೇ ನನ್ನ ಮತ: ಮೊದಲ ಹೆಜ್ಜೆ ಇಡುವ ಸ್ವಾತಂತ್ರ್ಯ ರಾಜ್ಯಕ್ಕಿರಲಿ, ಯಾರೂ ಅದಕ್ಕಿಂತ ಕೆಳಗೆ ಬೀಳದ ನೆಲಗಟ್ಟನ್ನು ಕೇಂದ್ರ ಹಾಕಲಿ. ಹಾಕಿದ ಮೇಲೆ, ಇನ್ನೂರು ರೂಪಾಯಿಯ ಹಾಗೆ, ಮರೆತು ಹೋಗದಿರಲಿ.

ನಮ್ಮ ಜಿಲ್ಲೆಗೇ ಬರೋಣ. 1951ರಲ್ಲಿ ಸಾಗರದ ಬಳಿಯ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತದ್ದು ಒಂದು ಅಳತೆಯ ವಿಷಯಕ್ಕೆ. ಗೇಣಿ ಅಳೆಯುವ ಕೊಳಗ ದೊಡ್ಡದಾಯಿತು, ಸರಿಯಾದ ಕೊಳಗದಲ್ಲಿ ಅಳೆಯಿರಿ ಎಂದರು. ಗಣಪತಿಯಪ್ಪನವರು ಸಂಘಟಿಸಿದರು, ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಇಲ್ಲಿಗೆ ಬಂದು ಬಂಧನಕ್ಕೊಳಗಾದರು. ಅದೇ ವರ್ಷ ದಿಲ್ಲಿಯಲ್ಲಿ ಸಂವಿಧಾನದ ಮೊದಲ ತಿದ್ದುಪಡಿ ಒಂಬತ್ತನೆಯ ಅನುಸೂಚಿಯನ್ನು ಸೃಷ್ಟಿಸಿ, ರಾಜ್ಯಗಳ ಭೂ ಕಾಯ್ದೆಗಳಿಗೆ ಕೋರ್ಟಿನ ಗಾಳಿಮಳೆ ತಾಗದಂತೆ, ಅಡಿಕೆ ಗೊನೆಗೆ ಕಟ್ಟುವ ಹಾಗೆ, ಒಂದು ಕೊಟ್ಟೆ ಕಟ್ಟಿಕೊಟ್ಟಿತು. ಜಮೀನು ರಾಜ್ಯದ ವಿಷಯವಾದ್ದರಿಂದಲೇ ದೇವರಾಜ ಅರಸರ ಕಾಲದಲ್ಲಿ, 1974ರ ಮಾರ್ಚ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಲ್ಲಿ, ಗೇಣಿ ಪದ್ಧತಿಯನ್ನು ನಮ್ಮ ರಾಜ್ಯ ಕಿತ್ತುಹಾಕಲು ಸಾಧ್ಯವಾಯಿತು. ಭೂ ನ್ಯಾಯಮಂಡಳಿಯ ಮುಂದೆ ಅರ್ಜಿ ಹಿಡಿದು ನಿಂತವರ ಮೊಮ್ಮಕ್ಕಳು ನನ್ನ ತರಗತಿಯಲ್ಲಿ ಕೂತಿದ್ದಾರೆ. ಎಲ್ಲ ಪಿಂಚಣಿ, ಪಡಿತರಗಳಿಗಿಂತ ದೊಡ್ಡ ಕಲ್ಯಾಣ ಕಾರ್ಯಕ್ರಮ ಅದು ಎಂದು ನಾನು ಇಂದಿಗೂ ನಂಬಿದ್ದೇನೆ.

ಅದೇ ಜಿಲ್ಲೆಯ ಇನ್ನೊಂದು ಮುಖ ಶರಾವತಿ ಸಂತ್ರಸ್ತರದ್ದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಮುಗಿಯುವ ಹೊತ್ತಿಗೆ ಮನೆ ಗದ್ದೆ ಬಿಟ್ಟವರನ್ನು ತಂದು ಅರಣ್ಯ ಜಮೀನಿನಲ್ಲಿ ಇಳಿಸಿದರು. ಆಗ ಕಾಡು ರಾಜ್ಯ ಪಟ್ಟಿಯಲ್ಲಿತ್ತು. ಹಕ್ಕುಪತ್ರ ಕೊಡಲು ಒಂದು ಸಹಿ ಸಾಕಿತ್ತು. ಆ ಸಹಿ ಬಹಳ ಮಂದಿಗೆ ಬೀಳಲಿಲ್ಲ. 1976ರಲ್ಲಿ 42ನೆಯ ತಿದ್ದುಪಡಿ ಕಾಡನ್ನು ಸಮವರ್ತಿ ಪಟ್ಟಿಗೆ ಒಯ್ದಿತು. 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಕೇಂದ್ರದ ಅನುಮತಿ ಇಲ್ಲದೆ ಒಂದು ಗುಂಟೆಯನ್ನೂ ಬಿಡುವಂತಿಲ್ಲ ಎಂದಾಯಿತು. ಜನ ಕದಲಲಿಲ್ಲ, ಜಮೀನು ಕದಲಲಿಲ್ಲ. ಬಾಗಿಲಿಗೆ ಎರಡನೆಯ ಬೀಗ ಬಿತ್ತು. ರಾಜ್ಯ ಒಂಟಿಯಾಗಿ ಹೊರಡಿಸಿದ ಅಧಿಸೂಚನೆಗಳು ಮುಂದೆ ಹೈಕೋರ್ಟಿನಲ್ಲಿ ನಿಲ್ಲಲಿಲ್ಲ. ಪಹಣಿ ಇಲ್ಲದಿದ್ದರೆ ಬ್ಯಾಂಕಿನಲ್ಲಿ ಬೆಳೆ ಸಾಲ ಕೇಳುವುದು ಹೇಗೆ, ಸರ್ಕಾರಿ ಮನೆಯ ಅರ್ಜಿಗೆ ಯಾವ ಕಾಗದ ಲಗತ್ತಿಸುವುದು? ನಾಡಿಗೆಲ್ಲ ದೀಪ ಹಚ್ಚಿದವರ ಮಕ್ಕಳು ಅರವತ್ತು ವರ್ಷದಿಂದ ಎರಡು ಕಚೇರಿಗಳ ನಡುವಿನ ಅಂಗಳದಲ್ಲಿ ನಿಂತಿದ್ದಾರೆ.

ಅಂಗಡಿಯ ಜಗಲಿಗೆ ಹಿಂದಿರುಗುತ್ತೇನೆ. ಮುಂದಿನ ತಿಂಗಳು ಆಕೆ ಸಿಕ್ಕಾಗ ನಾನು ಸಿದ್ಧನಾಗಿಯೇ ಹೋಗಿದ್ದೆ. ಒಂದು ಚೀಟಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆದುಕೊಟ್ಟೆ: ತೂಕ, ಅಂಗಡಿ, ಚೀಟಿಯ ಹೆಸರು, ಮೂರೂ ರಾಜ್ಯದ ಜವಾಬ್ದಾರಿ, 1967ಕ್ಕೆ ಫೋನ್ ಮಾಡಬಹುದು, ಇಲ್ಲವೇ ತಾಲ್ಲೂಕು ಕಚೇರಿಯಲ್ಲಿ ಆಹಾರ ನಿರೀಕ್ಷಕರನ್ನು ಕಾಣಬಹುದು. ಆಕೆ ಅದನ್ನು ಮಡಿಸಿ ಎಲೆ ಅಡಿಕೆ ಸಂಚಿಯೊಳಗೆ ಇಟ್ಟುಕೊಂಡರು.

"ಫೋನಿನಲ್ಲಿ ನನ್ನ ಮಾತು ಯಾರು ಕೇಳುತ್ತಾರೆ, ಬೇಕಾದರೆ ನಾನೇ ಹೋಗುತ್ತೇನೆ" ಎಂದರು. ಹೆಂಗಸರಿಗೆ ಈಗ ಬಸ್ಸು ಉಚಿತವಲ್ಲವೇ, ಹೋಗಿ ಬನ್ನಿ ಎಂದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ ಎಂಬುದನ್ನು ದಿನಾಂಕ ಸಮೇತ ಬಲ್ಲ ನನಗೆ, ಅದು ಸರ್ಕಾರಿ ಸಾರಿಗೆ ಸಂಸ್ಥೆಗಳ ಬಸ್ಸಿಗೆ ಮಾತ್ರ ಎಂಬುದು ಆ ಗಳಿಗೆಯಲ್ಲಿ ನೆನಪಾಗಲಿಲ್ಲ.

"ನಮ್ಮ ದಾರಿಗೆ ಬರುವುದು ಪ್ರೈವೇಟ್ ಬಸ್ಸು ಮೇಷ್ಟ್ರೇ" ಎಂದು ಆಕೆ ನಕ್ಕರು. "ಹೋಗಿ ಬರುವ ಚಾರ್ಜಿಗೆ ಎರಡು ಕೆ.ಜಿ. ಅಕ್ಕಿ ಬರುತ್ತದೆ. ತೂಕ ಅದಕ್ಕಿಂತ ಹೆಚ್ಚು ಕಡಿಮೆಯಾದ ದಿನ ಹೋಗುತ್ತೇನೆ."