ಮೂಟೆ ಎಲ್ಲಿದೆ?

ಕೇಳುಗರಿಗೆ ನಮಸ್ಕಾರ. ಬರೆದಿಟ್ಟ ಮಾತಿಲ್ಲದೆ ನಾಟಕ ಆಡುವುದರ ಬಗ್ಗೆ ಇವತ್ತು ಹೇಳಬೇಕು. ತಮಾಷೆಯೆಂದರೆ, ಅದನ್ನು ನಾನು ಬರೆದಿಟ್ಟುಕೊಂಡೇ ಓದುತ್ತಿದ್ದೇನೆ. ಬಾನುಲಿಯಲ್ಲಿ ಹಾಗೇ, ಗಡಿಯಾರದ ಮುಳ್ಳಿಗೆ ಸರಿಯಾಗಿ ಮಾತು ಮುಗಿಯಬೇಕು. ನನ್ನ ತರಗತಿಯಲ್ಲಿ ಮಾತ್ರ ಯಾರ ಕೈಗೂ ಹಾಳೆ ಕೊಡುವುದಿಲ್ಲ.

ಹಾಸನದ ಒಂದು ಶಾಲೆಯ ಕೊಠಡಿಯಲ್ಲಿ ಭಾನುವಾರ ಸಂಜೆ ಬೆಂಚುಗಳನ್ನು ಗೋಡೆಗೆ ಸರಿಸಿ ನಾವು ಹನ್ನೆರಡು ಹದಿಮೂರು ಜನ ಸೇರುತ್ತೇವೆ. ಅದಕ್ಕಿಂತ ಹೆಚ್ಚಾದರೆ ಸರದಿಯೇ ಬರುವುದಿಲ್ಲ, ಕುಳಿತು ನೋಡುವುದೇ ಆಗುತ್ತದೆ. ಹೊರಗಿನವರು ಇದನ್ನು ಇಂಪ್ರೊವ್ ಎನ್ನುತ್ತಾರೆ. ಆಶುಕವಿತೆ, ಆಶುಭಾಷಣ ಇರುವ ನಮ್ಮ ಭಾಷೆಯಲ್ಲಿ ಆಶುನಾಟಕ ಎಂದರೆ ಸಾಕು. ಬರುವವರಲ್ಲಿ ಎರಡು ಬಗೆ. ವೇದಿಕೆಯನ್ನೇ ಹತ್ತದವರು ಒಂದು ಕಡೆ; ಊರಿನ ಕುರುಕ್ಷೇತ್ರ ನಾಟಕದಲ್ಲಿ ಇಪ್ಪತ್ತು ವರ್ಷ ಗದೆ ಹೊತ್ತವರು ಇನ್ನೊಂದು ಕಡೆ. ಹೊಸಬರಿಗೆ ಮಾತು ಹೊಳೆಯದೆ ಹೋದರೆ ಎಂಬ ಭಯ. ಹಳಬರಿಗೆ ಭಯವಿಲ್ಲ. ನನಗೆ ಕೆಲಸ ಹೆಚ್ಚುವುದು ಅಲ್ಲೇ.

ಹಳಬರನ್ನು ಆಡಿಕೊಳ್ಳಲು ಈ ಮಾತು ಹೇಳುತ್ತಿಲ್ಲ. ಪಾತ್ರಕ್ಕೆ ಕೈಯಿಂದ ದುಡ್ಡು ಹಾಕಿ, ಹಾರ್ಮೋನಿಯಂ ಮೇಷ್ಟ್ರ ಮುಂದೆ ತಿಂಗಳುಗಟ್ಟಲೆ ತಾಲೀಮು ಮಾಡಿ, ಬೆಳಗಿನ ಜಾವದವರೆಗೆ ದುರ್ಯೋಧನನಾಗಿ ನಿಲ್ಲುವುದು ಸಣ್ಣ ಮಾತಲ್ಲ. ಆದರೆ ಅಲ್ಲಿ ಭೀಮ ಏನು ಹೇಳುತ್ತಾನೆ ಎಂಬುದು ದುರ್ಯೋಧನನಿಗೆ ಮೊದಲೇ ಗೊತ್ತು. ಭೀಮ ಬಾಯಿ ತೆರೆದಾಗ ದುರ್ಯೋಧನ ತನ್ನ ಮುಂದಿನ ಪದ್ಯವನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿರುತ್ತಾನೆ. ಕೇಳಿಸಿಕೊಳ್ಳುವ ಗರಜೇ ಇಲ್ಲ. ಆಶುನಾಟಕದಲ್ಲಿ ಎದುರಿನವರ ಮಾತು ಬಿಟ್ಟರೆ ಕೈಗೆ ಬೇರೇನೂ ಸಿಗುವುದಿಲ್ಲ.

ಇದು ನಮಗೆ ಹೊಸದೂ ಅಲ್ಲ. ಶೃಂಗೇರಿ, ಕೊಪ್ಪದ ಕಡೆ ಮಳೆಗಾಲದಲ್ಲಿ ತಾಳಮದ್ದಳೆ ಕೇಳಿದವರಿಗೆ ಗೊತ್ತಿರುತ್ತದೆ. ಭಾಗವತರು ಹಾಡುವ ಪದ್ಯ ಮಾತ್ರ ಪ್ರಸಂಗದಲ್ಲಿ ಬರೆದಿರುತ್ತದೆ, ಅರ್ಥಧಾರಿಯ ಮಾತು ಅಲ್ಲೇ ಹುಟ್ಟಬೇಕು. ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ವೇಷವಿಲ್ಲದೆ, ಕುಳಿತಲ್ಲೇ, ವಾಲಿಯನ್ನೋ ರಾವಣನನ್ನೋ ಕಟ್ಟಿದ್ದು ಹೀಗೆ. ಅಲ್ಲಿ ಎದುರಾಳಿಯ ವಾದವನ್ನು ಮುರಿಯುವುದರಲ್ಲಿ ರುಚಿ. ಆಶುನಾಟಕದಲ್ಲಿ ಎದುರಿನವರು ಕೊಟ್ಟದ್ದನ್ನು ಮೊದಲು ಒಪ್ಪಿ, ಅದಕ್ಕೊಂದು ಎಳೆ ಸೇರಿಸಬೇಕು. ಒಳ್ಳೆಯ ಅರ್ಥಧಾರಿಯೂ ಜೊತೆಯವರಿಗೆ ಜಾಗ ಬಿಟ್ಟೇ ಮುರಿಯುತ್ತಾನೆ ಎನ್ನುವುದು ಬೇರೆ ವಿಷಯ.

ಈಗಿನ ತರಗತಿಗಳ ಆಟಗಳಲ್ಲಿ ಹೆಚ್ಚಿನವು ಇಬ್ಬರು ಶಿಕ್ಷಕರಿಂದ ಬಂದವು. ಶಿಕಾಗೋದ ವಯೋಲಾ ಸ್ಪೋಲಿನ್, ವಲಸೆ ಬಂದ ಬಡವರ ಮಕ್ಕಳಿಗೆ ನಾಟಕ ಕಲಿಸಲು ಆಟಗಳನ್ನು ಕಟ್ಟಿದರು. ಅವು 1963ರಲ್ಲಿ ಪುಸ್ತಕವಾದವು. ಅವರ ಮಗ ಪಾಲ್ ಸಿಲ್ಸ್ ಮತ್ತು ಗೆಳೆಯರು 1959ರಲ್ಲಿ ಅದೇ ಊರಿನಲ್ಲಿ ಸೆಕೆಂಡ್ ಸಿಟಿ ಎಂಬ ರಂಗಮಂದಿರ ತೆರೆದರು. ಇನ್ನೊಬ್ಬರು ಲಂಡನ್ನಿನಲ್ಲಿ ಶುರುಮಾಡಿ ಕೆನಡಾಕ್ಕೆ ಹೋದ ಕೀತ್ ಜಾನ್‌ಸ್ಟನ್. ಜಾಣತನ ತೋರಿಸಲು ಹೋಗಬೇಡಿ, ಮೊದಲು ತೋಚಿದ್ದನ್ನೇ ಹೇಳಿ ಎನ್ನುವುದು ಅವರ ಪಾಠ. ಇಬ್ಬರ ನಡುವೆ ಯಾರು ಮೇಲು, ಯಾರು ಕೆಳಗು ಎಂಬುದು ಕ್ಷಣಕ್ಷಣಕ್ಕೂ ಬದಲಾಗುವ ಆಟವನ್ನೂ ಅವರೇ ಬೆಳೆಸಿದರು. ನಮ್ಮಲ್ಲಿ ಅದನ್ನು ಕಾಫಿ ತೋಟದ ರೈಟರು ಮತ್ತು ಕೂಲಿಯಾಳಿನ ನಡುವೆ ಆಡಿಸಿದೆ. ಬೆನ್ನು ಬಾಗಿಸುವುದೂ ಬೇಡವಾಯಿತು. ಆಳು ಒಮ್ಮೆ ‘ನೀವು’ ಬಿಟ್ಟು ‘ನೀನು’ ಎಂದದ್ದೇ ತಡ, ಕೊಠಡಿಯಲ್ಲಿ ಗಾಳಿಯೇ ನಿಂತಹಾಗಾಯಿತು.

ಇನ್ನೊಂದು ಆಟ ಕನ್ನಡದಲ್ಲಿ ಆಡಿದರೇ ಚೆಂದ. ಸುತ್ತಲೂ ನಿಂತು ಒಬ್ಬೊಬ್ಬರು ಒಂದೊಂದೇ ಪದ ಹೇಳುತ್ತಾ ಕತೆ ಕಟ್ಟುವುದು. ಇಂಗ್ಲಿಷಿನಲ್ಲಿ ಕ್ರಿಯಾಪದ ಬೇಗ ಬಂದುಬಿಡುತ್ತದೆ, ನಮ್ಮಲ್ಲಿ ಅದು ಕೊನೆಯಲ್ಲಿ. ಹೋದ ತಿಂಗಳು ಕತೆ ಹೀಗೆ ಹೊರಟಿತು: ನಿನ್ನೆ... ನಮ್ಮ... ಅಜ್ಜಿ... ಸಕಲೇಶಪುರದಲ್ಲಿ... ಆನೆಯನ್ನು... ಆರನೆಯವನ ಮುಖ ನೋಡಬೇಕಿತ್ತು. ಅಜ್ಜಿಯ ಗತಿ ಅವನ ಒಂದು ಪದದಲ್ಲಿತ್ತು. ‘ಕಂಡರು’ ಎನ್ನಬಹುದಿತ್ತು, ಎಲ್ಲರೂ ಅದನ್ನೇ ಕಾಯುತ್ತಿದ್ದರು. ಅವನು ‘ಮಾತನಾಡಿಸಿದರು’ ಎಂದ. ಅಲ್ಲಿಂದ ಕತೆ ಹತ್ತು ನಿಮಿಷ ಓಡಿತು.

ಈಗ ಮೂಟೆಯ ವಿಷಯಕ್ಕೆ ಬರುತ್ತೇನೆ. ಜಾಗ ಅರಸೀಕೆರೆ ರೈಲು ನಿಲ್ದಾಣ, ಹೊತ್ತು ರಾತ್ರಿ ಎಂದು ಯಾರೋ ಸೂಚಿಸಿದರು. ಅಂದೇ ಮೊದಲ ಬಾರಿ ಬಂದಿದ್ದ ನರ್ಸಿಂಗ್ ವಿದ್ಯಾರ್ಥಿನಿಯೊಬ್ಬಳು ಬರಿಗಾಳಿಯಲ್ಲಿ ಏನನ್ನೋ ಏದುಸಿರು ಬಿಡುತ್ತಾ ಎಳೆದು ತಂದು ಇಳಿಸಿದಳು. ಎದುರಿಗೆ ನಮ್ಮ ದುರ್ಯೋಧನರು. “ಅಣ್ಣ, ಈ ತೆಂಗಿನಕಾಯಿ ಮೂಟೆ ಸ್ವಲ್ಪ ನೋಡಿಕೊಳ್ಳುತ್ತೀರಾ? ಟಿಕೆಟ್ ತರುತ್ತೇನೆ” ಎಂದಳು. ಅವರು ನೆಲ ನೋಡಿ, ನಮ್ಮತ್ತ ತಿರುಗಿ, “ಮೂಟೆ ಎಲ್ಲಿದೆ? ಇಲ್ಲೇನೂ ಇಲ್ಲವಲ್ಲ!” ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಹುಡುಗಿ ಮಾತ್ರ ಕೈ ಎಲ್ಲಿಡಬೇಕೆಂದು ತಿಳಿಯದೆ ನಿಂತಿದ್ದಳು. ಚಪ್ಪಾಳೆ ಅವರಿಗೆ ಸಿಕ್ಕಿತು, ನಾಟಕ ಅಲ್ಲೇ ಸತ್ತಿತು.

ಮತ್ತೆ ಮೊದಲಿನಿಂದ ಆಡಿ ಎಂದೆ. ಅವರಿಗೆ ಒಂದೇ ಷರತ್ತು: ಅವಳು ಇದೆ ಎಂದದ್ದು ಇದೆ. ಅವರಿಗೆ ಅಷ್ಟು ಹಿಡಿಸಲಿಲ್ಲ. “ಮೇಷ್ಟ್ರೇ, ನಗು ಬಂತಲ್ಲ?” ಎಂದರು. ಆದರೂ ನಿಂತರು. ಹುಡುಗಿ ಮೂಟೆ ತಂದಳು, ಅದೇ ಮಾತು ಹೇಳಿದಳು. ಈ ಸಲ ಅವರು ಬಗ್ಗಿ, ಮೂಟೆಯ ಬಾಯಿಗಂಟು ಹಿಡಿದು, ಥಟ್ಟನೆ ಕೈ ತೆಗೆದರು.

“ಇದು ಅಲುಗಾಡುತ್ತಿದೆಯಲ್ಲಮ್ಮ?”

ಅವಳಿಗೂ ಅದು ಗೊತ್ತಿರಲಿಲ್ಲ. ಒಂದು ಉಸಿರಿನಷ್ಟು ಹೊತ್ತು ಸುಮ್ಮನಿದ್ದು ಹೇಳಿದಳು: “ಮೆಲ್ಲಗೆ ಮಾತನಾಡಿ ಅಣ್ಣ. ಒಳಗೆ ನಮ್ಮ ಮಾವನವರಿದ್ದಾರೆ. ಎರಡು ಟಿಕೆಟ್‌ಗೆ ದುಡ್ಡಿಲ್ಲ.”

ಅವರು ಹೆಗಲ ಮೇಲಿನ ಟವೆಲ್ ತೆಗೆದು ಕಂಕುಳಿಗೆ ಸಿಕ್ಕಿಸಿಕೊಂಡರು. ಹಿರಿಯರ ಎದುರು ಹಾಗೆ ಮಾಡುವುದು ವಾಡಿಕೆ. ಮೊಣಕಾಲೂರಿ ಕುಳಿತು, ಮೂಟೆಯ ಕಿವಿ ಇರಬಹುದಾದ ಕಡೆ ಬಾಯಿ ಇಟ್ಟು, “ಯಜಮಾನರೇ, ಕಾಫಿ ಏನಾದರೂ ತರಲೇ?” ಎಂದರು. ಯಾರೂ ನಗಲಿಲ್ಲ. ಉತ್ತರಕ್ಕಾಗಿ ನಾವೆಲ್ಲ ಆ ಖಾಲಿ ನೆಲವನ್ನೇ ನೋಡುತ್ತಿದ್ದೆವು.

ತರಗತಿ ಮುಗಿದು ಬೆಂಚುಗಳನ್ನು ಮತ್ತೆ ಜೋಡಿಸಿದೆವು. ದೀಪ ಆರಿಸುವ ಹೊತ್ತಿಗೆ ಗಮನಿಸಿದೆ, ಚಪ್ಪಲಿ ಹುಡುಕುತ್ತಾ ಬಾಗಿಲಿನತ್ತ ಹೊರಟ ನಮ್ಮ ದುರ್ಯೋಧನರು ಮೂಟೆ ಇದ್ದ ಜಾಗವನ್ನು ತುಳಿಯದೆ ಬಳಸಿಕೊಂಡು ಹೋದರು.

ನಮಸ್ಕಾರ.